ಸ್ಪೇನ್‌ನ ಓಕ್ ಮರ ಬಾಗೇಪಲ್ಲಿಯ ಗರಸು ಮಣ್ಣಿನಲ್ಲಿ ಬದುಕುತ್ತದೆಯೇ?

ಪ್ರಶ್ನೆ: ನಮ್ಮದು ಬಾಗೇಪಲ್ಲಿ ತಾಲ್ಲೂಕು. ಮೂರು ಎಕರೆ ಖುಷ್ಕಿ ಜಮೀನು, ಕೆಂಪು ಗರಸು ಮಣ್ಣು. ಅಪ್ಪನ ಕಾಲದಿಂದ ನೀಲಗಿರಿ ಇತ್ತು. ಹೋದ ವರ್ಷ ಬುಡಸಮೇತ ತೆಗೆಸಿದೆವು. ಬೋರ್‌ವೆಲ್ ಒಂದಿದೆ, ಬೇಸಿಗೆಯಲ್ಲಿ ಅರ್ಧ ಗಂಟೆ ಓಡಿದರೆ ಹೆಚ್ಚು. ಮಗಳು ಸ್ಪೇನ್‌ನಲ್ಲಿ ಕೆಲಸ ಮಾಡುತ್ತಾಳೆ. ಅಲ್ಲಿ ಹುಲ್ಲೆಲ್ಲ ಒಣಗಿ ಹಳದಿಯಾದ ಬಯಲಿನಲ್ಲಿ ಹಸಿರಾಗಿ ನಿಂತಿರುವ ಓಕ್ ಮರಗಳ ಫೋಟೊ ಕಳಿಸಿದ್ದಾಳೆ. ಅಲ್ಲಿ ಮಳೆ ವರ್ಷಕ್ಕೆ 450 ಮಿ.ಮೀ. ಅಂತೆ. ನಮಗೆ ಅದಕ್ಕಿಂತ ಜಾಸ್ತಿಯೇ ಬೀಳುತ್ತದೆ. ಹಾಗಾದರೆ ಇಲ್ಲಿ ಇನ್ನೂ ಚೆನ್ನಾಗಿ ಬರಬೇಕು ಅಲ್ವಾ? ಮುಂದಿನ ಸಲ ಬರುವಾಗ ಬೀಜ ತರುತ್ತೇನೆ ಎನ್ನುತ್ತಿದ್ದಾಳೆ. ನರ್ಸರಿಯವರು ಮಾತ್ರ ‘ಓಕ್ ನಮ್ಮಲ್ಲೇ ಇದೆ’ ಎಂದು ಸಿಲ್ವರ್ ಓಕ್ ತೋರಿಸುತ್ತಾರೆ. ಎರಡೂ ಒಂದೇನಾ? ಈ ಮರದ ತೊಗಟೆಯಿಂದ ಕಾರ್ಕ್ ಬರುತ್ತದೆ, ಬುಡದಲ್ಲಿ ಬೆಲೆಬಾಳುವ ಅಣಬೆ ಸಿಗುತ್ತದೆ ಎಂದು ವಾಟ್ಸಾಪ್‌ನಲ್ಲಿ ಓದಿದೆ. ನಿಜವೇ? ನನ್ನ ಹೆಂಡತಿಗಿರುವ ಭಯ ಬೇರೆ. ಇದೂ ನೀಲಗಿರಿಯ ಹಾಗೆ ನೀರೆಲ್ಲ ಕುಡಿದುಬಿಟ್ಟರೆ?

ಉತ್ತರ: ನೀವು ಕೇಳಿರುವುದು ಒಂದು ಮರದ ಬಗ್ಗೆ. ಆದರೆ ನಿಮ್ಮ ಚಿಂತೆ ಅದಕ್ಕಿಂತ ದೊಡ್ಡದು. ನೀಲಗಿರಿ ತೆಗೆದ ಬರಡು ನೆಲ ಕಣ್ಣ ಮುಂದೆ ಇದೆ. ನೀರು ಕೇಳದ, ವರ್ಷವಿಡೀ ಹಸಿರಾಗಿರುವ, ಒಂದಿಷ್ಟು ಆದಾಯವನ್ನೂ ಕೊಡುವ ಮರ ಬೇಕು. ಈ ಸಲ ತಪ್ಪು ಮರ ನೆಟ್ಟರೆ ಇನ್ನೊಂದು ತಲೆಮಾರು ಅದನ್ನು ಅನುಭವಿಸಬೇಕಾಗುತ್ತದೆ ಎಂಬ ಆತಂಕವೂ ಇದೆ. ಚಿಕ್ಕಬಳ್ಳಾಪುರ, ಕೋಲಾರ, ತುಮಕೂರಿನ ಕಡೆಯಿಂದ ಇಂಥ ಪ್ರಶ್ನೆ ನನಗೆ ಆಗಾಗ ಬರುತ್ತದೆ. ಮರದ ಹೆಸರು ಮಾತ್ರ ಬೇರೆ ಬೇರೆ.

ಮೊದಲು ಸಿಲ್ವರ್ ಓಕ್ ವಿಷಯ ಮುಗಿಸಿಬಿಡೋಣ. ಅದು ಓಕ್ ಅಲ್ಲ. ಆಸ್ಟ್ರೇಲಿಯಾದ ಪೂರ್ವ ಕರಾವಳಿಯ ಮರ, ಗ್ರೆವಿಲಿಯಾ ರೊಬಸ್ಟಾ. ಓಕ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ಅದರ ಹಲಗೆಯ ಮೇಲಿನ ಗೆರೆಗಳು ಓಕ್ ಹಲಗೆಯ ಹಾಗೆ ಕಾಣುತ್ತವೆ, ಅಷ್ಟೇ. ಕಾಫಿ ತೋಟಗಳಲ್ಲಿ ನೆರಳಿಗೆ, ಮೆಣಸಿನ ಬಳ್ಳಿ ಹಬ್ಬಿಸುವುದಕ್ಕೆ ಅದು ಒಳ್ಳೆಯ ಮರ. ನಮ್ಮ ಕಡೆಯೂ ಬದುಗಳ ಮೇಲೆ ಬೆಳೆಸುತ್ತಾರೆ. ಬೇಗ ಬೆಳೆಯುತ್ತದೆ, ನೆಟ್ಟಗೆ ಹೋಗುತ್ತದೆ, ಮಾರುವುದೂ ಸುಲಭ. ಆದರೆ ಕೊಂಬೆ ಪೆಡಸು, ಗಾಳಿಗೆ ಮುರಿಯುತ್ತದೆ. ಮಳೆ ಸತತವಾಗಿ ಕೈಕೊಟ್ಟ ವರ್ಷಗಳಲ್ಲಿ ತುದಿಯಿಂದ ಒಣಗುತ್ತಾ ಬರುತ್ತದೆ. ಬಾಗೇಪಲ್ಲಿ, ಪಾವಗಡದಂಥ ಕಡೆ ಅದನ್ನು ಬದುವಿನ ಸಾಲಿಗೆ ಮಾತ್ರ ಇಟ್ಟುಕೊಳ್ಳಿ, ಅದನ್ನೇ ನಂಬಿ ತೋಪು ಮಾಡಬೇಡಿ. ನರ್ಸರಿಯವರು ಮೋಸ ಮಾಡುತ್ತಿದ್ದಾರೆ ಎಂದು ನಾನು ಹೇಳುವುದಿಲ್ಲ. ಅವರಿಗೂ ಅದೇ ಹೆಸರು ಗೊತ್ತಿರುವುದು.

ನಿಮ್ಮ ಮಗಳು ಫೋಟೊ ಕಳಿಸಿದ್ದು ಬಹುಶಃ ಹೋಮ್ ಓಕ್ ಮರದ್ದು. ಸಸ್ಯಶಾಸ್ತ್ರದ ಹೆಸರು ಕ್ವೆರ್ಕಸ್ ಐಲೆಕ್ಸ್. ಸ್ಪೇನ್‌ನಲ್ಲಿ ಎನ್ಸಿನಾ ಎನ್ನುತ್ತಾರೆ. ಅಲ್ಲಿನ ಎಕ್ಸ್‌ಟ್ರೆಮದೂರ, ಆಂಡಲೂಸಿಯಾ ಪ್ರಾಂತ್ಯಗಳಲ್ಲಿ, ಗಡಿಯಾಚೆಯ ಪೋರ್ಚುಗಲ್‌ನಲ್ಲಿ ಇದರ ವಿಶಾಲವಾದ ಬಯಲುಗಳಿವೆ. ಖಚಿತ ಮಾಡಿಕೊಳ್ಳಬೇಕಾದರೆ ಮಗಳಿಗೆ ಎಲೆ ತಿರುಗಿಸಿ ನೋಡಲು ಹೇಳಿ. ಮೇಲೆ ಕಡು ಹಸಿರು, ದಪ್ಪ, ಚರ್ಮದಂತೆ ಗಡುಸು. ಕೆಳಗೆ ಬೂದು ಮಿಶ್ರಿತ ಬಿಳಿ ರೋಮ. ಎಳೆಯ ಗಿಡದಲ್ಲಿ, ದನ ಕುರಿಗೆ ಬಾಯಿ ಎಟುಕುವ ಕೆಳಗಿನ ಕೊಂಬೆಗಳಲ್ಲಿ, ಎಲೆಯ ಅಂಚಿಗೆ ಮುಳ್ಳು ಇರುತ್ತದೆ. ಮೇಲಿನ ಎಲೆಗಳ ಅಂಚು ನುಣ್ಣಗೆ. ಪೂರ್ತಿ ಬೆಳೆದರೆ 20 ಮೀಟರ್ ದಾಟಬಹುದು. ಆದರೆ ಒಣ ಬಯಲಿನಲ್ಲಿ ಸಾಮಾನ್ಯವಾಗಿ ಕುಳ್ಳಗೆ, ಅಗಲಕ್ಕೆ ಹರಡಿಕೊಂಡು ನಿಲ್ಲುತ್ತದೆ. ನೂರಾರು ವರ್ಷ ಬಾಳುತ್ತದೆ.

ಬರ ತಡೆಯುವ ಶಕ್ತಿ ಈ ಮರಕ್ಕೆ ನಿಜವಾಗಿಯೂ ಇದೆ, ಅದರಲ್ಲಿ ಅನುಮಾನ ಬೇಡ. ಓಕ್ ಕಾಯಿ ಮೊಳೆತ ಮೇಲೆ ಗಿಡ ಮೇಲಕ್ಕೆ ಬೆಳೆಯುವ ಆತುರ ತೋರಿಸುವುದಿಲ್ಲ. ಮೊದಲು ತಾಯಿಬೇರನ್ನು ಆಳಕ್ಕೆ ಇಳಿಸುತ್ತದೆ. ನೆಲದ ಮೇಲೆ ಗೇಣುದ್ದ ಇರುವಾಗಲೇ ಕೆಳಗೆ ಅದರ ಎಷ್ಟೋ ಪಾಲು ಬೇರು ಇರುತ್ತದೆ. ಕಲ್ಲಿನ ಸಂದಿ ಸಿಕ್ಕಿದರೆ ಅದರೊಳಗೂ ನುಗ್ಗುತ್ತದೆ. ಬಿಸಿಲೇರಿದ ಹೊತ್ತಿನಲ್ಲಿ ಎಲೆಯ ರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ಎಲೆಯ ತಳದ ಬಿಳಿ ರೋಮ ಆ ರಂಧ್ರಗಳ ಸುತ್ತ ತೇವವನ್ನು ಹಿಡಿದಿಡುತ್ತದೆ. ಒಂದೊಂದು ಎಲೆ ಎರಡು ಮೂರು ವರ್ಷ ಮರದಲ್ಲೇ ಇರುತ್ತದೆ, ಆದ್ದರಿಂದ ಪ್ರತಿ ವರ್ಷ ಹೊಸ ಎಲೆಗೆ ಅದು ಹೆಚ್ಚು ಖರ್ಚು ಮಾಡಬೇಕಾಗಿಲ್ಲ. ಕಡಿದರೂ ಸುಟ್ಟರೂ ಬುಡದಿಂದ ಮತ್ತೆ ಚಿಗುರುತ್ತದೆ.

ಇಷ್ಟೆಲ್ಲ ಇದ್ದ ಮೇಲೆ ನಮ್ಮಲ್ಲಿ ಏಕೆ ಬರಬಾರದು? ಇಲ್ಲಿ ನೀವು ಮಾಡಿರುವ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಬೇಕು. 450 ಮಿ.ಮೀ. ಮಳೆಗೆ ಬದುಕುವ ಮರ 650, 700ಕ್ಕೆ ಇನ್ನೂ ಚೆನ್ನಾಗಿ ಬದುಕುತ್ತದೆ ಎನ್ನುವುದು ನೋಡುವುದಕ್ಕೆ ಸರಿಯಾದ ಲೆಕ್ಕವೇ. ಆದರೆ ಮಳೆ ಎಷ್ಟು ಬಿತ್ತು ಎನ್ನುವುದಕ್ಕಿಂತ ಯಾವಾಗ ಬಿತ್ತು ಎನ್ನುವುದು ಮರಕ್ಕೆ ಹೆಚ್ಚು ಮುಖ್ಯ.

ಸ್ಪೇನ್‌ನ ಆ ಭಾಗದಲ್ಲಿ ಮಳೆ ಬೀಳುವುದು ಅಕ್ಟೋಬರ್‌ನಿಂದ ಮೇ ತನಕ. ಅದು ಚಳಿಗಾಲ ಮತ್ತು ವಸಂತ. ಮ್ಯಾಡ್ರಿಡ್‌ನಲ್ಲಿ ಜನವರಿಯ ಸರಾಸರಿ ಉಷ್ಣಾಂಶ 6 ಡಿಗ್ರಿ ಆಸುಪಾಸು. ಅಂಥ ಚಳಿಯಲ್ಲಿ ಬಿದ್ದ ನೀರು ಆವಿಯಾಗುವುದು ತೀರ ಕಡಿಮೆ. ನಿಧಾನವಾಗಿ ಆಳಕ್ಕೆ ಇಳಿದು, ಅಲ್ಲೇ ಕುಳಿತು, ಬೇಸಿಗೆಗೆ ಕಾಯುತ್ತದೆ. ಆ ಮೇಲೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲು, ಉರಿ, ಮಳೆಯ ಸುಳಿವಿಲ್ಲ. ಮರ ಆಳದ ತೇವ ಹೀರುತ್ತಾ ನಾಲ್ಕು ತಿಂಗಳು ತಳ್ಳುತ್ತದೆ. ಒಣ ಕಾಲ ಮುಗಿಯುತ್ತಿದ್ದ ಹಾಗೆ ತಂಪು ಬರುತ್ತದೆ.

ನಮ್ಮಲ್ಲಿ ಇದೆಲ್ಲ ತಿರುವುಮುರುವು. ಮಳೆ ಬರುವುದು ಸೆಕೆಗಾಲ ಮುಗಿಯುವ ಮೊದಲೇ. ಏಪ್ರಿಲ್, ಮೇ ತಿಂಗಳ ಅಡ್ಡಮಳೆ ಕಾದ ಹೆಂಚಿನ ಮೇಲೆ ನೀರು ಚಿಮುಕಿಸಿದ ಹಾಗೆ, ಅರ್ಧ ಅಲ್ಲೇ ಹಾರಿಹೋಗುತ್ತದೆ. ಜೂನ್, ಜುಲೈ ತಿಂಗಳಲ್ಲಿ ನಮ್ಮ ಮೂರು ಜಿಲ್ಲೆಗಳಿಗೆ ಸಿಗುವುದು ಮಲೆನಾಡು ದಾಟಿ ಬಂದ ಮೋಡದ ಉಳಿಕೆ ಮಾತ್ರ. ಗಾಳಿ ಜಾಸ್ತಿ, ತುಂತುರು, ಮಣ್ಣಿನ ಮೇಲ್ಪದರ ಮಾತ್ರ ಒದ್ದೆ. ನೆಲಕ್ಕೆ ಆಳವಾಗಿ ಇಳಿಯುವ ಮಳೆ ಸೆಪ್ಟೆಂಬರ್, ಅಕ್ಟೋಬರ್‌ನದು. ಆಮೇಲೆ ಡಿಸೆಂಬರ್‌ನಿಂದ ಮೇ ತನಕ ಹೆಚ್ಚುಕಡಿಮೆ ಒಣ. ಅಲ್ಲಿ ನಾಲ್ಕು ತಿಂಗಳಾದರೆ ಇಲ್ಲಿ ಐದಾರು ತಿಂಗಳು. ಅದರಲ್ಲೂ ಅತಿ ಕಷ್ಟದ ಮಾರ್ಚ್, ಏಪ್ರಿಲ್ ಬರುವುದು ತೇವವೆಲ್ಲ ಮುಗಿದ ಮೇಲೆ, ಕೊನೆಯಲ್ಲಿ.

ಆದರೆ ಈ ಮರಕ್ಕೆ ಇಲ್ಲಿರುವ ದೊಡ್ಡ ಅಪಾಯ ಬರ ಅಲ್ಲ. ನಮ್ಮ ಮಳೆಗಾಲ. ಬಿಸಿಯಾಗಿಯೂ ಒದ್ದೆಯಾಗಿಯೂ ಇರುವ ಮಣ್ಣು ಹೋಮ್ ಓಕ್‌ಗೆ ಆಗುವುದಿಲ್ಲ. ಅದರ ತವರಿನಲ್ಲಿ ನೆಲ ಒದ್ದೆ ಇದ್ದಾಗ ತಂಪಾಗಿರುತ್ತದೆ, ಬಿಸಿ ಇದ್ದಾಗ ಒಣಗಿರುತ್ತದೆ. ಎರಡೂ ಒಟ್ಟಿಗೆ ಬರುವುದು ಅಪರೂಪ. ಬೆಚ್ಚಗಿನ ಒದ್ದೆ ಮಣ್ಣು ಫೈಟಾಫ್ತೊರಾ ಸಿನ್ನಮೋಮಿ ಎಂಬ ಬೇರುಕೊಳೆ ರೋಗಾಣುವಿಗೆ ಹೇಳಿ ಮಾಡಿಸಿದ ಜಾಗ. ಅದರ ಬೀಜಕಣಗಳು ಮಣ್ಣಿನ ನೀರಿನಲ್ಲಿ ಈಜಿಕೊಂಡು ಎಳೆಯ ಬೇರಿಗೆ ಅಂಟುತ್ತವೆ. ಬೆಣ್ಣೆಹಣ್ಣಿನ ಮರದ ಬೇರು ಕೊಳೆಸುವುದೂ ಇದೇ. ಸ್ಪೇನ್, ಪೋರ್ಚುಗಲ್‌ಗಳಲ್ಲೇ 1980ರ ದಶಕದಿಂದ ಈಚೆಗೆ ಲಕ್ಷಾಂತರ ಓಕ್ ಮರಗಳು ಒಣಗಿ ಸತ್ತಿವೆ. ಅಲ್ಲಿನವರು ಅದನ್ನು ‘ಲಾ ಸೆಕಾ’ ಎನ್ನುತ್ತಾರೆ. ಬರವೂ ಈ ರೋಗಾಣುವೂ ಒಟ್ಟು ಸೇರಿ ಮಾಡಿದ ಹಾನಿ ಅದು. ಬೇರು ಕೊಳೆತ ಮರ ಮಳೆಗಾಲದಲ್ಲಿ ಹೇಗೋ ಹಸಿರಾಗಿರುತ್ತದೆ. ಬೇಸಿಗೆ ಬಂದಾಗ ನೀರೆಳೆಯುವ ಬೇರೇ ಇರುವುದಿಲ್ಲ. ನೋಡಿದವರು ‘ಬಿಸಿಲಿಗೆ ಒಣಗಿತು’ ಎನ್ನುತ್ತಾರೆ, ಇನ್ನಷ್ಟು ನೀರು ಬಿಡುತ್ತಾರೆ. ರೋಗ ಇನ್ನಷ್ಟು ಹೆಚ್ಚುತ್ತದೆ. ಬೇರೆ ಮರಗಳಲ್ಲಿ, ಮುಖ್ಯವಾಗಿ ಹೊರಗಿನಿಂದ ತಂದ ಹಣ್ಣಿನ ಮರಗಳಲ್ಲಿ, ನಾನು ಈ ಕಥೆಯನ್ನು ನಮ್ಮ ಕೆಮ್ಮಣ್ಣಿನ ತೋಟಗಳಲ್ಲಿ ಮತ್ತೆ ಮತ್ತೆ ನೋಡಿದ್ದೇನೆ.

ಬೇರಿನ ಇನ್ನೊಂದು ವಿಷಯವೂ ಇದೆ. ಓಕ್ ಮರದ ಬೇರಿನ ತುದಿಗೆ ಕೆಲವು ಅಣಬೆ ಜಾತಿಗಳು ಕವಚದ ಹಾಗೆ ಸುತ್ತಿಕೊಂಡಿರುತ್ತವೆ. ಅವು ಮಣ್ಣಿನಿಂದ ರಂಜಕ, ನೀರು ಎಳೆದು ಮರಕ್ಕೆ ಕೊಡುತ್ತವೆ, ಮರ ಅವಕ್ಕೆ ಸಕ್ಕರೆ ಕೊಡುತ್ತದೆ. ಹುಣಸೆ, ಹೊಂಗೆ, ಬೇವಿನ ಬೇರಿನಲ್ಲಿರುವ ಶಿಲೀಂಧ್ರಗಳ ಗುಂಪೇ ಬೇರೆ. ದಕ್ಷಿಣ ಭಾರತದಲ್ಲಿ ಸಹಜವಾಗಿ ಬೆಳೆಯುವ ಓಕ್ ಒಂದೂ ಇಲ್ಲ. ನಮ್ಮ ದೇಶದ ಓಕ್‌ಗಳೆಲ್ಲ ಹಿಮಾಲಯದವು, ಈಶಾನ್ಯದವು. ಉತ್ತರಾಖಂಡದ ಬಾಂಜ್ ಓಕ್ ಕೂಡ ನಿತ್ಯಹಸಿರು ಮರವೇ. ಆದರೆ ಅದು ತಂಪು ಬೆಟ್ಟದ ಮರ, ನಿಮ್ಮ ಹೊಲಕ್ಕೆ ಅದೂ ಸಲ್ಲದು.

ಈಗ ಆದಾಯದ ಮಾತು. ವಾಟ್ಸಾಪ್‌ನಲ್ಲಿ ಬಂದದ್ದರಲ್ಲಿ ಎರಡು ಬೇರೆ ಬೇರೆ ಸಂಗತಿ ಕಲಸಿಹೋಗಿವೆ. ಅದರಲ್ಲಿ ಹೇಳದ ಮೂರನೆಯದೂ ಒಂದಿದೆ.

ಕಾರ್ಕ್ ಬರುವುದು ಹೋಮ್ ಓಕ್‌ನಿಂದ ಅಲ್ಲ, ಅದರ ನೆಂಟ ಮರ ಕಾರ್ಕ್ ಓಕ್‌ನಿಂದ. ಜಗತ್ತಿನ ಕಾರ್ಕ್‌ನಲ್ಲಿ ಸುಮಾರು ಅರ್ಧ ಪೋರ್ಚುಗಲ್‌ನದು. ಮೊದಲ ಸಲ ತೊಗಟೆ ತೆಗೆಯುವುದು ಮರಕ್ಕೆ 25 ವರ್ಷ ಆದ ಮೇಲೆ. ಆಮೇಲೆ ಒಂಬತ್ತು ವರ್ಷಕ್ಕೊಮ್ಮೆ. ಮೊದಲ ಎರಡು ಕೊಯ್ಲು ಬಾಟಲಿಯ ಬಿರಡೆಗೆ ಆಗುವುದಿಲ್ಲ. ಮೂರನೆಯದು ಬರುವ ಹೊತ್ತಿಗೆ ಮರಕ್ಕೆ 40 ದಾಟಿರುತ್ತದೆ.

ಅಣಬೆ ಎಂದರೆ ಕಪ್ಪು ಟ್ರಫಲ್. ಸ್ಪೇನ್‌ನ ತೆರುಎಲ್ ಪ್ರಾಂತ್ಯದಲ್ಲಿ ಹೋಮ್ ಓಕ್ ಸಸಿಗಳ ಬೇರಿಗೆ ಅದನ್ನು ಕೂಡಿಸಿ ಬೆಳೆಯುವುದು ನಿಜ. ಅದಕ್ಕೆ ಬೇಕಾದದ್ದು ಸುಣ್ಣದ ಅಂಶ ತುಂಬಿದ, ಪಿಎಚ್ 7.5ರಿಂದ 8.5 ಇರುವ ಮಣ್ಣು. ಜೊತೆಗೆ ಒಳ್ಳೆಯ ಚಳಿಗಾಲ. ನಿಮ್ಮದು ಬೆಣಚುಕಲ್ಲು ಒಡೆದು ಆದ ಕೆಮ್ಮಣ್ಣು. ಚಳಿ ಎಂದರೆ ಜನವರಿಯ ಮುಂಜಾನೆಯದು. ಈ ಆಸೆಯನ್ನು ಪೂರ್ತಿ ಬಿಟ್ಟುಬಿಡಿ. ಟ್ರಫಲ್ ಸಸಿ ಎಂದು ಯಾರಾದರೂ ಮಾರಲು ಬಂದರೆ ದುಡ್ಡು ಕೊಡಬೇಡಿ.

ಮೂರನೆಯದು ಕಾಯಿ. ಅಲ್ಲಿ ಅಕ್ಟೋಬರ್‌ನಿಂದ ಫೆಬ್ರವರಿಯವರೆಗೆ ಉದುರುವ ಓಕ್ ಕಾಯಿ ತಿನ್ನಿಸಿ ಇಬೇರಿಯನ್ ಹಂದಿಗಳನ್ನು ಕೊಬ್ಬಿಸುತ್ತಾರೆ. ಆ ಮಾಂಸಕ್ಕೆ ಬಹಳ ಬೆಲೆ. ಕಾಯಿ ಬಿಡುವುದಕ್ಕೇ ಮರಕ್ಕೆ 15, 20 ವರ್ಷ ಬೇಕು. ನಿಮ್ಮ ಮನೆಯಲ್ಲಿ ಹಸುಗಳಿದ್ದರೆ ಇನ್ನೊಂದು ಎಚ್ಚರ. ಓಕ್ ಕಾಯಿ, ಎಳೆಯ ಎಲೆಗಳಲ್ಲಿ ಟ್ಯಾನಿನ್ ಜಾಸ್ತಿ. ಹಸು ಹೊಟ್ಟೆ ತುಂಬ ತಿಂದರೆ ಮೂತ್ರಪಿಂಡ ಕೆಡುತ್ತದೆ.

ನಿಮ್ಮ ಶ್ರೀಮತಿಯವರ ಪ್ರಶ್ನೆಗೆ ಬರುತ್ತೇನೆ. ಅವರ ಭಯಕ್ಕೆ ಕಾರಣವಿದೆ, ಅದನ್ನು ಸುಮ್ನೆ ತಳ್ಳಿಹಾಕಬಾರದು. ನೀಲಗಿರಿ ನಮ್ಮ ದೇಶಕ್ಕೆ ಬಂದದ್ದೇ ನಿಮ್ಮ ಜಿಲ್ಲೆಯ ಮೂಲಕ. ಟಿಪ್ಪು ಸುಲ್ತಾನ್ 1790ರ ಸುಮಾರಿಗೆ ನಂದಿಬೆಟ್ಟದ ತನ್ನ ತೋಟದಲ್ಲಿ ಅದನ್ನು ನೆಡಿಸಿದ. ಆ ಮರಗಳಿಂದ ಬಂದ ತಳಿಗೇ ‘ಮೈಸೂರು ಗಮ್’ ಎಂಬ ಹೆಸರು. ಒಂದು ಬೆಟ್ಟದ ತೋಟದಲ್ಲಿ ಕೆಲವು ಮರ ಇದ್ದಾಗ ಯಾರಿಗೂ ತೊಂದರೆ ಆಗಲಿಲ್ಲ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಕೋಲಾರದ ರಾಗಿ ಹೊಲಗಳಿಗೆ ಇಳಿದು, ಎಕರೆಗೆ ಸಾವಿರ ಲೆಕ್ಕದಲ್ಲಿ ನಿಂತಾಗ ಕಥೆ ಬದಲಾಯಿತು. ಹೊಸಕೋಟೆ ಬಳಿ ಅಳತೆ ಮಾಡಿ 1997ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ನೀಲಗಿರಿ ತೋಪು ಬಿದ್ದ ಮಳೆಗಿಂತ ಹೆಚ್ಚು ನೀರು ಬಳಸಿದ್ದು ಕಂಡುಬಂತು. ವರ್ಷ ವರ್ಷವೂ ಬೇರು ಇನ್ನಷ್ಟು ಆಳಕ್ಕೆ ಹೋಗಿ, ಹಿಂದೆಂದೋ ಶೇಖರವಾಗಿದ್ದ ತೇವವನ್ನೂ ಎಳೆದಿತ್ತು. ಸರ್ಕಾರ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು.

ಹೋಮ್ ಓಕ್ ನೀಲಗಿರಿಯಷ್ಟು ವೇಗವಾಗಿ ಬೆಳೆಯುವುದಿಲ್ಲ, ಆದ್ದರಿಂದ ಅಷ್ಟು ವೇಗವಾಗಿ ನೀರೂ ಎಳೆಯುವುದಿಲ್ಲ. ಆದರೆ ಆಳಕ್ಕೆ ಬೇರು ಬಿಟ್ಟು ವರ್ಷವಿಡೀ ಎಲೆ ಹೊತ್ತಿರುವ ಯಾವ ಮರವಾದರೂ ವರ್ಷವಿಡೀ ನೀರು ಬಳಸುತ್ತದೆ. ಬರ ತಡೆಯುವ ಮರ ಎಂದರೆ ನೀರು ಬಳಸದ ಮರ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ನೀರು ಸಿಗದಾಗ ಸಾಯದೆ ಉಳಿಯುವ ಮರ ಅದು. ನೀರು ಸಿಕ್ಕಾಗ ಅದೂ ಕುಡಿಯುತ್ತದೆ.

ಆ ಫೋಟೊವನ್ನು ಇನ್ನೊಮ್ಮೆ ತೆಗೆದು ಮರಗಳ ನಡುವಿನ ಅಂತರ ನೋಡಿ. ಸ್ಪೇನ್‌ನಲ್ಲಿ ಅಂಥ ಬಯಲನ್ನು ದೆಹೆಸಾ ಎನ್ನುತ್ತಾರೆ. ಅದು ಕಾಡಲ್ಲ, ತೋಪೂ ಅಲ್ಲ. ತಲೆಮಾರುಗಳಿಂದ ಜನ ಮರ ತೆಳು ಮಾಡುತ್ತಾ, ಸವರುತ್ತಾ ಮಾಡಿಕೊಂಡ ಹುಲ್ಲುಗಾವಲು. ಹೆಕ್ಟೇರಿಗೆ ಸುಮಾರು 20ರಿಂದ 50 ಮರ. ನಮ್ಮ ಲೆಕ್ಕದಲ್ಲಿ ಎಕರೆಗೆ 8ರಿಂದ 20. ನಡುವೆ ಹುಲ್ಲು, ಒಮ್ಮೊಮ್ಮೆ ಗೋಧಿ, ಬಾರ್ಲಿ, ಕುರಿ ಹಂದಿಗಳ ಮೇವು. ಒಂದೊಂದು ಮರಕ್ಕೂ ಅಷ್ಟು ದೊಡ್ಡ ನೆಲದ ತೇವ ಸಿಗುವುದರಿಂದಲೇ ಅವು ಉರಿಬೇಸಿಗೆಯಲ್ಲೂ ಹಸಿರಾಗಿವೆ. ನಿಮ್ಮ ಮಗಳಿಗೆ ಹಿಡಿಸಿದ ಆ ಹಸಿರಿನಲ್ಲಿ ಮರದ ಜಾತಿಗೆ ಎಷ್ಟು ಪಾಲಿದೆಯೋ ಆ ಅಂತರಕ್ಕೂ ಅಷ್ಟೇ ಪಾಲಿದೆ. ಜಾತಿಯನ್ನು ಇಲ್ಲಿಗೆ ತರುವುದು ಕಷ್ಟ. ಅಂತರವನ್ನು ನೀವು ನಾಳೆಯೇ ಪಾಲಿಸಬಹುದು.

ನನ್ನ ಸಲಹೆ ಇದರ ಮೇಲೆಯೇ ನಿಂತಿದೆ. ಮೂರು ಎಕರೆಯಲ್ಲಿ ಓಕ್ ಬೇಡ. ಅದೇ ರೀತಿಯ ಬಯಲನ್ನು ನಮ್ಮ ಮರಗಳಿಂದ ಮಾಡಿ. ನಮ್ಮ ಹಿರಿಯರ ಗುಂಡುತೋಪುಗಳು, ಹೊಲದ ನಡುವೆ ಬಿಟ್ಟ ಹುಣಸೆ, ಬದುವಿನ ಹೊಂಗೆ, ಇವೆಲ್ಲ ಅದೇ ತಿಳಿವಳಿಕೆಯಿಂದ ಬಂದವು. ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆ ತೋಪು ನಿಮಗೆ ದೂರವಲ್ಲ. 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಎಂದು ಘೋಷಣೆಯಾದ ಜಾಗ. ಒಮ್ಮೆ ಏಪ್ರಿಲ್‌ನಲ್ಲಿ ಹೋಗಿ ಅಲ್ಲಿನ ಮರಗಳನ್ನು ನೋಡಿ. ಯಾರೂ ನೀರು ಹಾಕದ ಆ ಹಳೆಯ ಮರಗಳು ಬೇಸಿಗೆಯಲ್ಲಿ ಹೇಗಿವೆ ಎಂದು ನಿಮಗೇ ತಿಳಿಯುತ್ತದೆ.

ನಿಮ್ಮ ಜಮೀನಿಗೆ ಹುಣಸೆಯೇ ಮುಖ್ಯ ಮರ ಆಗಲಿ. ಬಹುತೇಕ ನಿತ್ಯಹಸಿರು, ನೂರು ವರ್ಷ ದಾಟಿ ಬಾಳುತ್ತದೆ. ಕಸಿ ಗಿಡವಾದರೆ ನಾಲ್ಕೈದು ವರ್ಷಕ್ಕೆ ಕಾಯಿ ಕಾಣುತ್ತದೆ. ಚಿಂತಾಮಣಿ, ತುಮಕೂರು, ಹಿಂದೂಪುರದ ಕಡೆ ಹುಣಸೆಗೆ ಕೊಳ್ಳುವವರಿದ್ದಾರೆ. ಗಿಡದಿಂದ ಗಿಡಕ್ಕೆ 10 ಮೀಟರ್‌ಗಿಂತ ಕಡಿಮೆ ಬೇಡ, 12 ಆದರೆ ಇನ್ನೂ ಒಳ್ಳೆಯದು. ಬದುವಿಗೆ ಹೊಂಗೆ, ಬೇವು. ಕಲ್ಲು ಜಾಸ್ತಿ ಇರುವ ಮೇಲ್ಭಾಗಕ್ಕೆ ಕಮರ. ಕಮರದ ಬಗ್ಗೆ ಈಗ ಯಾರೂ ಮಾತಾಡುವುದಿಲ್ಲ, ನನಗೆ ಅದು ಬೇಸರದ ವಿಷಯ. ನೀವು ಓಕ್‌ನಲ್ಲಿ ಮೆಚ್ಚಿದ ಗುಣ ಕಮರದಲ್ಲೂ ಇದೆ. ಎಳೆಯ ಗಿಡ ಮೊದಲು ಬೇರನ್ನು ಆಳಕ್ಕೆ ಇಳಿಸಿ, ಗಟ್ಟಿ ಪದರವನ್ನು ದಾಟಿ, ಆಮೇಲೆ ಮೇಲೆ ಬೆಳೆಯುತ್ತದೆ. ಎಲೆ ಒಳ್ಳೆಯ ಮೇವು, ಮರ ಕಬ್ಬಿಣದಂತೆ ಗಟ್ಟಿ. ಸ್ವಲ್ಪ ದಿನ ಎಲೆ ಉದುರಿಸುತ್ತದೆ ನಿಜ. ಆದರೆ ನಮ್ಮ ಬೇಸಿಗೆಯಲ್ಲಿ ಎಲೆ ಉದುರಿಸುವುದು ಮರದ ಜಾಣತನ, ದೋಷವಲ್ಲ. ತಗ್ಗಿನಲ್ಲಿ ತೇವ ನಿಲ್ಲುವ ಜಾಗಕ್ಕೆ ನೇರಳೆ. ಮಾವು ನಿಮ್ಮ ಪಕ್ಕದ ಶ್ರೀನಿವಾಸಪುರದವರಿಗೆ ಒಲಿದಿದೆ, ಆದರೆ ಮೊದಲ ಕೆಲವು ಬೇಸಿಗೆ ನೀರು ಕೊಡಬೇಕು. ನಿಮ್ಮ ಬೋರ್‌ವೆಲ್ ಸ್ಥಿತಿಯಲ್ಲಿ ಹತ್ತು ಹದಿನೈದು ಗಿಡಕ್ಕಿಂತ ಹೆಚ್ಚು ಬೇಡ.

ಹುಣಸೆಯಲ್ಲೂ ರಿಸ್ಕ್ ಇಲ್ಲವೆಂದಲ್ಲ. ಒಂದು ವರ್ಷ ಬಿಟ್ಟರೆ ಇನ್ನೊಂದು ವರ್ಷ ಕಾಯಿ ಕಡಿಮೆ. ಬೆಲೆ ಏರಿಳಿತ ಜಾಸ್ತಿ. ಕೀಳುವವರು, ಬಡಿಯುವವರು ಸಿಗುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿದೆ. ಅದಕ್ಕೇ ನಡುವಿನ ನೆಲವನ್ನು ಖಾಲಿ ಬಿಡಬಾರದು. ನೀಲಗಿರಿ ತೆಗೆದ ಮಣ್ಣಿನಲ್ಲಿ ಸಾವಯವ ಅಂಶ ತೀರ ಕಡಿಮೆ ಇರುತ್ತದೆ. ಮೊದಲ ಎರಡು ವರ್ಷ ಹುರುಳಿ, ಅಲಸಂದೆ ಹಾಕಿ, ಸೊಪ್ಪನ್ನು ಅಲ್ಲೇ ಮಣ್ಣಿಗೆ ಸೇರಿಸಿ. ಇಳಿಜಾರಿಗೆ ಅಡ್ಡವಾಗಿ ಟ್ರೆಂಚ್ ತೆಗೆಸಿ. ಉಳಿದ ನೀಲಗಿರಿ ಬುಡಗಳಿಂದ ಚಿಗುರು ಬಂದರೆ ಎಳೆಯದಿರುವಾಗಲೇ ಮುರಿದು ಹಾಕಿ. ಆಮೇಲೆ ರಾಗಿ, ಅವರೆ ಬರುತ್ತವೆ.

ಓಕ್ ಮೇಲೆ ಮಗಳಿಗೆ ಆಸೆ ಇದೆ, ಅದು ನನಗೂ ಅರ್ಥವಾಗುತ್ತದೆ. ಎರಡು ಮೂರು ಗಿಡ ಪ್ರಯೋಗಕ್ಕೆಂದು ಬೆಳೆಸುವುದಕ್ಕೆ ನನ್ನ ವಿರೋಧವಿಲ್ಲ. ಆದರೆ ಬ್ಯಾಗಿನಲ್ಲಿ ಬೀಜ ತರಬಾರದು. ಇದನ್ನು ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಿ. 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಹೊರದೇಶದಿಂದ ನೆಡುವ ಬೀಜ, ಗಿಡ ತರಲು ಮುಂಚೆಯೇ ಆಮದು ಪರವಾನಗಿ ಬೇಕು, ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು. ಇದು ಬರೀ ಕಾಗದದ ಕೆಲಸವಲ್ಲ. ಓಕ್ ಕಾಯಿಯೊಳಗೆ ಮೂತಿಹುಳುವಿನ ಮರಿಗಳು ಅಡಗಿರುತ್ತವೆ, ಹೊರಗಿನಿಂದ ಕಾಣುವುದಿಲ್ಲ. ಅಂಟಿದ ಮಣ್ಣಿನಲ್ಲಿ ನಾನು ಮೇಲೆ ಹೇಳಿದ ರೋಗಾಣು ಇರಬಹುದು. ಒಂದು ಹಿಡಿ ಕಾಯಿಯ ಜೊತೆ ಬಂದ ರೋಗ ನಿಮ್ಮ ಹೊಲದಲ್ಲೇ ಉಳಿಯುತ್ತದೆ ಎಂಬ ಖಾತರಿ ಇಲ್ಲ. ಬೇಕೆಂದರೆ ದಾಖಲೆ ಇಟ್ಟುಕೊಂಡು ಆಮದು ಮಾಡುವ ನರ್ಸರಿಯಿಂದ, ಬಿಲ್ಲಿನ ಜೊತೆ, ಸಸಿಯನ್ನೇ ಕೊಳ್ಳಿ.

ಬೀಜದಿಂದಲೇ ಬೆಳೆಸುವ ಅವಕಾಶ ಸರಿಯಾದ ದಾರಿಯಲ್ಲಿ ಸಿಕ್ಕರೂ ಒಂದು ಮಾತು ನೆನಪಿರಲಿ. ಓಕ್ ಕಾಯಿಯನ್ನು ರಾಗಿಯ ಹಾಗೆ ಒಣಗಿಸಿ ಇಡುವಂತಿಲ್ಲ. ಒಣಗಿತು ಎಂದರೆ ಸತ್ತಿತು. ಉದುರಿದ ಕೆಲವೇ ವಾರಗಳಲ್ಲಿ ಬಿತ್ತಬೇಕು, ಅಲ್ಲಿಯತನಕ ತೇವದ ಮರಳಿನಲ್ಲಿ, ತಂಪಿನಲ್ಲಿ ಇಡಬೇಕು. ನೀರಿಗೆ ಹಾಕಿದಾಗ ತೇಲುವ ಕಾಯಿ ಬೇಡ. ಅಡ್ಡಲಾಗಿ ಮಲಗಿಸಿ, ಒಂದಂಗುಲ ಮಣ್ಣು ಮುಚ್ಚಿದರೆ ಸಾಕು. ಇಲಿ, ಹೆಗ್ಗಣದಿಂದ ಕಾಯಬೇಕು. ಮಾಮೂಲಿ ಪಾಲಿಥಿನ್ ಚೀಲದಲ್ಲಿ ತಾಯಿಬೇರು ತಳ ಮುಟ್ಟಿ ಸುರುಳಿ ಸುತ್ತುತ್ತದೆ. ಅಂಥ ಗಿಡ ಮುಂದೆ ಎಂದೂ ಬರ ತಡೆಯುವುದಿಲ್ಲ, ಏಕೆಂದರೆ ಅದರ ಶಕ್ತಿಯೆಲ್ಲ ಇರುವುದು ಆ ಬೇರಿನಲ್ಲೇ. ಕನಿಷ್ಠ ಒಂದಡಿ ಆಳದ, ತಳ ತೆರೆದ ಕೊಳವೆ ಬೇಕು. ಸಸಿ ಕೊಳ್ಳುವಾಗಲೂ ಇದನ್ನೇ ನೋಡಿ. ಎತ್ತರದ ಗಿಡ ಬೇಡ, ಬೇರು ನೇರ ಇರುವ ಸಣ್ಣ ಗಿಡ ಸಾಕು.

ಜಾಗ ಆರಿಸುವುದರಲ್ಲೇ ಅರ್ಧ ಕೆಲಸ ಇದೆ. ಹೊಲದ ಮೇಲ್ಭಾಗ, ನೀರು ಇಳಿದುಹೋಗುವ ಇಳಿಜಾರು ಆಗಬೇಕು. ಕೆರೆ ಹಿಂದಿನ ಅಥವಾ ಕೆಳಗಿನ ಜಮೀನು ಬೇಡವೇ ಬೇಡ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನಿಂದ ಬರುವ ಶುದ್ಧೀಕರಿಸಿದ ಕೊಳಚೆ ನೀರು ತುಂಬಿ ಈಗ ವರ್ಷವಿಡೀ ಜಿನುಗು ಇರುವ ಕೋಲಾರದ ಕೆಲವು ಕೆರೆಗಳ ಕೆಳಗಿನವರಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಗುಂಡಿಯಲ್ಲಿ ಅಲ್ಲ, ಮೊಣಕಾಲೆತ್ತರದ ಅಗಲವಾದ ದಿಬ್ಬದ ಮೇಲೆ ನೆಡಿ. ಗುಂಡಿ ತುಂಬ ಕೊಟ್ಟಿಗೆ ಗೊಬ್ಬರ ತುಂಬಬೇಡಿ, ಅದು ಮಳೆಗಾಲದಲ್ಲಿ ನೀರು ಹಿಡಿದು ಬೇರು ಕೊಳೆಸುತ್ತದೆ, ಬೇಸಿಗೆಯಲ್ಲಿ ಗೆದ್ದಲನ್ನು ಕರೆಯುತ್ತದೆ. ಮೊದಲ ಎರಡು ಮೂರು ಬೇಸಿಗೆ ಪಶ್ಚಿಮದ ಬಿಸಿಲಿಗೆ ಮರೆ ಬೇಕು. ಅದರ ಊರಿನಲ್ಲೂ ಎಳೆಯ ಗಿಡ ಬದುಕುವುದು ಪೊದೆಗಳ ನೆರಳಿನಲ್ಲೇ. ಪಕ್ಕದಲ್ಲಿ ತೊಗರಿ ಹಾಕಿದರೆ ಆಯಿತು. ನೀರು ದಿನಾ ಗುಟುಕು ಗುಟುಕಾಗಿ ಬೇಡ. ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ, ಬುಡದಿಂದ ಎರಡಡಿ ದೂರದಲ್ಲಿ, ಆಳಕ್ಕೆ ಇಳಿಯುವಂತೆ ಕೊಡಿ. ಮಳೆಗಾಲದಲ್ಲಿ ಏನೂ ಬೇಡ. ಬುಡಕ್ಕೆ ಮುಚ್ಚಿಗೆ ತಾಗಿಸಬೇಡಿ. ಮೇಕೆಗೆ ಬೇಲಿ ಬೇಕೇ ಬೇಕು. ವರ್ಷಕ್ಕೆ ಒಂದಡಿ ಬೆಳೆದರೆ ಅದೇ ಒಳ್ಳೆಯ ಬೆಳವಣಿಗೆ. ಮೂರನೆಯ ಮಳೆಗಾಲ ದಾಟಿ, ನಾಲ್ಕನೆಯ ಬೇಸಿಗೆಯಲ್ಲಿ ಚಿಗುರು ಬಂದರೆ ಆ ಗಿಡಕ್ಕೆ ಉಳಿಯುವ ಅವಕಾಶ ಇದೆ ಎಂದು ತಿಳಿಯಬಹುದು. ಅದಕ್ಕೆ ಮೊದಲು ಬದುಕಿತು ಎಂದು ಇನ್ನಷ್ಟು ಗಿಡಕ್ಕೆ ದುಡ್ಡು ಹಾಕಬೇಡಿ.

ಓಕ್ ಆಗಲಿ ಹುಣಸೆ ಆಗಲಿ, ಈ ಮಳೆಗಾಲಕ್ಕೆ ಮುಂಚೆ ಒಂದು ಕೆಲಸ ಮಾಡಿ. ಹೊಲದ ಮೇಲ್ಭಾಗ, ನಡು, ತಗ್ಗು, ಮೂರು ಕಡೆ ಮೂರಡಿ ಆಳದ ಗುಂಡಿ ತೆಗೆಸಿ. ಎಷ್ಟು ಅಡಿಗೆ ಸುದ್ದೆ (ಕಲ್ಲು ಕರಗಿ ಆದ ಮೆತ್ತನೆಯ ಪದರ) ಸಿಕ್ಕಿತು, ಎಲ್ಲಿ ಬಂಡೆ ಸಿಕ್ಕಿತು ಬರೆದಿಟ್ಟುಕೊಳ್ಳಿ. ಗುಂಡಿಗೆ ಒಂದಡಿ ನೀರು ತುಂಬಿಸಿ, ಪೂರ್ತಿ ಇಳಿದ ಮೇಲೆ ಇನ್ನೊಮ್ಮೆ ತುಂಬಿಸಿ. ಎರಡನೆಯ ಸಲ ತುಂಬಿದ ನೀರು ಕೆಲವೇ ಗಂಟೆಗಳಲ್ಲಿ ಇಳಿದರೆ ಯಾವ ಮರಕ್ಕೂ ತೊಂದರೆ ಇಲ್ಲ. ಮರುದಿನ ಬೆಳಿಗ್ಗೆಯೂ ನಿಂತಿದ್ದರೆ ಅಲ್ಲಿ ಓಕ್ ನೆಡಲೇಬೇಡಿ, ನೇರಳೆಗೆ ಆ ಜಾಗ ಬಿಡಿ. ಮೂರೂ ಗುಂಡಿಯ ಮಣ್ಣನ್ನು ಚಿಂತಾಮಣಿ ತಾಲ್ಲೂಕು ಕುರುಬೂರಿನ ಕೃಷಿ ವಿಜ್ಞಾನ ಕೇಂದ್ರಕ್ಕೆ ತೆಗೆದುಕೊಂಡು ಹೋಗಿ. ಪಿಎಚ್, ಸಾವಯವ ಇಂಗಾಲ ಎರಡನ್ನೂ ಕೇಳಿ ಬರೆಸಿಕೊಳ್ಳಿ. ಆ ಅಂಕಿಗಳನ್ನೂ ಗುಂಡಿಗಳ ವಿವರವನ್ನೂ ನನಗೆ ಕಳಿಸಿದರೆ, ಯಾವ ಸಾಲಿಗೆ ಯಾವ ಮರ ಎಂದು ಕೂತು ಗುರುತು ಹಾಕಿ ಕೊಡುತ್ತೇನೆ.